ಬಿಸಿಲೂರಿನ ಲಾನ್‌ಗೆ ಯಾವ ಹುಲ್ಲಿನ ಬೀಜ? ದುಡ್ಡು ಕೊಡುವ ಮುನ್ನ ಓದಿ

ಏಪ್ರಿಲ್ ಬಂತೆಂದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತದೆ. "ಡಿಸೆಂಬರ್‌ನಲ್ಲಿ ಬೀಜ ಹಾಕಿದೆ. ಒಂದೇ ವಾರಕ್ಕೆ ಮೊಳೆಯಿತು, ಸಂಕ್ರಾಂತಿ ಹೊತ್ತಿಗೆ ಅಂಗಳ ನೋಡಲು ಎರಡು ಕಣ್ಣು ಸಾಲದು. ಈಗ ದಿನಕ್ಕೆರಡು ಸಲ ನೀರು ಕೊಟ್ಟರೂ ಸುಟ್ಟ ಹಾಗೆ ಒಣಗುತ್ತಿದೆ. ಯಾವ ಗೊಬ್ಬರ ಹಾಕಲಿ?"

ಯಾವ ಗೊಬ್ಬರವೂ ಬೇಡ. ಬಿತ್ತಿದ್ದು ಚಳಿನಾಡಿನ ಹುಲ್ಲು, ಅದು ತನ್ನ ಕಾಲ ಮುಗಿಸಿಕೊಂಡು ಹೊರಟಿದೆ, ಅಷ್ಟೇ.

ಧಾರವಾಡ, ವಿಜಯಪುರದ ಕಡೆ ಗೋಧಿ ಬೆಳೆಯುವವರನ್ನು ಕೇಳಿ ನೋಡಿ. ಹಿಂಗಾರಿನಲ್ಲಿ ಬಿತ್ತಿ ಬಿಸಿಲು ಬಲಿಯುವ ಮೊದಲು ಕೊಯ್ದು ಮುಗಿಸುತ್ತಾರೆ. ಏಪ್ರಿಲ್‌ನಲ್ಲಿ ಗೋಧಿ ಬಿತ್ತುತ್ತೇನೆ ಎಂದರೆ ನಕ್ಕುಬಿಡುತ್ತಾರೆ. ಲಾನ್ ಹುಲ್ಲುಗಳಲ್ಲೂ ಹೀಗೆ ಎರಡು ಗುಂಪು. ರೈ ಗ್ರಾಸ್, ಫೆಸ್ಕ್ಯೂ, ಕೆಂಟಕಿ ಬ್ಲೂಗ್ರಾಸ್ ಇವೆಲ್ಲ ಗೋಧಿಯ ಕಡೆಯವು. 15ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಖವಾಗಿರುತ್ತವೆ. ಗರಿಕೆ, ಜಾಯ್ಸಿಯಾ, ಬಹಿಯಾ ಮುಂತಾದವು ಕಬ್ಬು, ಮೆಕ್ಕೆಜೋಳ, ರಾಗಿಯ ಕಡೆಯವು. ಇವುಗಳಿಗೆ 27ರಿಂದ 35 ಡಿಗ್ರಿ ಬೇಕು, 40 ದಾಟಿದರೂ ಬೇರಿಗೆ ತೇವವಿದ್ದರೆ ತಡೆದುಕೊಳ್ಳುತ್ತವೆ. ವಿಜ್ಞಾನದ ಪುಸ್ತಕಗಳು ಮೊದಲ ಗುಂಪನ್ನು ಸಿ3, ಎರಡನೆಯದನ್ನು ಸಿ4 ಎನ್ನುತ್ತವೆ. ಎರಡನೇ ಗುಂಪಿನ ಎಲೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಮೊದಲು ಒಂದೆಡೆ ಒಟ್ಟುಗೂಡಿಸಿ ಆಮೇಲೆ ಬಳಸುವ ಏರ್ಪಾಡಿದೆ. ಹಾಗಾಗಿ ಬಿಸಿಲೇರಿದಾಗ ಎಲೆಯ ರಂಧ್ರಗಳನ್ನು ಅರೆಮುಚ್ಚಿಕೊಂಡು, ಕಡಿಮೆ ನೀರು ಕಳೆದುಕೊಂಡು ಬೆಳೆಯಬಲ್ಲದು. ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಅಂಗಡಿಯಲ್ಲಿ ಅರ್ಧ ಮೋಸ ತಪ್ಪುತ್ತದೆ.

ಇನ್ನರ್ಧ ತಪ್ಪಿಸಿಕೊಳ್ಳಲು ಹಂತ ಹಂತವಾಗಿ ಹೋಗೋಣ.

1. ಬೀಜ ಹುಡುಕುವ ಮೊದಲು ಜಾಗ ನೋಡಿ

ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4. ಈ ಮೂರು ಹೊತ್ತಿನಲ್ಲಿ ನಿಮ್ಮ ಅಂಗಳದ ಫೋಟೊ ತೆಗೆಯಿರಿ. ಎಲ್ಲಿ ಆರು ಗಂಟೆಗೂ ಹೆಚ್ಚು ನೇರ ಬಿಸಿಲು ಬೀಳುತ್ತದೆ, ಎಲ್ಲಿ ಕಾಂಪೌಂಡಿನ ನೆರಳು, ಎಲ್ಲಿ ಮಾವಿನ ಮರದ ಕತ್ತಲು ಎಂಬುದು ತಿಳಿಯುತ್ತದೆ. ಬೆಂಗಳೂರಿನ 30-40 ಸೈಟಿನಲ್ಲಿ ಮನೆ ಕಟ್ಟಿ ಉಳಿದ ಪಟ್ಟಿಯಲ್ಲಿ ಎಷ್ಟೋ ಸಲ ಮೂರು ಗಂಟೆ ಬಿಸಿಲೂ ಇರುವುದಿಲ್ಲ. ಅಲ್ಲಿ ಬೀಜದಿಂದ ಲಾನ್ ಮಾಡುವ ಆಸೆ ಬಿಡುವುದೇ ಲೇಸು.

ಎರಡನೆಯದು ನೀರು. ಲೆಕ್ಕ ಹೀಗಿದೆ. ಬೇಸಿಗೆಯಲ್ಲಿ ಗರಿಕೆ ಜಾತಿಯ ಲಾನ್ ಹಸಿರಾಗಿಯೇ ಇರಬೇಕಾದರೆ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಬೇಕು. ಒಂದು ಗುಂಟೆಗೆ, ಅಂದರೆ 1,089 ಚದರಡಿಗೆ, ಅದು ವಾರಕ್ಕೆ 2,500 ಲೀಟರ್ ಆಗುತ್ತದೆ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಇನ್ನೂ ಹೆಚ್ಚು. ಬೆಂಗಳೂರಿನವರಿಗೆ ನೆನಪಿರಬಹುದು, 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತು ಮಾಡಿತ್ತು. ಬಟ್ಟೆ ಒಗೆದ ನೀರು, ಸಂಸ್ಕರಿಸಿದ ನೀರು, ಮಳೆ ಕೊಯ್ಲಿನ ಸಂಪು ಇವುಗಳಲ್ಲಿ ಒಂದಾದರೂ ಇಲ್ಲದಿದ್ದರೆ ಗುಂಟೆಗಟ್ಟಲೆ ಲಾನ್ ಮಾಡಬೇಡಿ. ಇನ್ನೂರು ಚದರಡಿ ಮಾಡಿ, ಚೆನ್ನಾಗಿ ಮಾಡಿ.

ಮೂರನೆಯದು ಮಣ್ಣು. ಒಂದಡಿ ಗುಂಡಿ ತೋಡಿ ನೀರು ತುಂಬಿಸಿ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಬಸಿಯುವ ದಾರಿ ಮಾಡದೆ ಯಾವ ಬೀಜ ತಂದರೂ ಕೊಳೆಯುತ್ತದೆ. ಎರೆ ಮಣ್ಣಿನಲ್ಲಿ ಇದು ಸಾಮಾನ್ಯ. ಬೋರ್‌ವೆಲ್ ನೀರಿನ ಪಾತ್ರೆಯಲ್ಲಿ ಬಿಳಿ ಕರೆ ಕಟ್ಟುತ್ತದೆಯೇ, ನೆಲದ ಮೇಲೆ ಉಪ್ಪು ಬೂದಿಯ ಹಾಗೆ ಏಳುತ್ತದೆಯೇ ಎಂದೂ ನೋಡಿ. ತುಂಗಭದ್ರಾ ಅಚ್ಚುಕಟ್ಟಿನ ಸವುಳು ಭೂಮಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅನುಮಾನವಿದ್ದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಮಣ್ಣು ಮತ್ತು ನೀರು ಎರಡನ್ನೂ ಪರೀಕ್ಷೆಗೆ ಕೊಡಿ.

2. ಬೀಜವೇ ಬೇಕೇ?

ಬೀಜದ ಲೇಖನದಲ್ಲಿ ಇದನ್ನು ಹೇಳುವುದು ವಿಚಿತ್ರ ಅನ್ನಿಸಬಹುದು. ಆದರೆ ನಮ್ಮ ನರ್ಸರಿಗಳಲ್ಲಿ ಹೆಸರು ಮಾಡಿರುವ ಎಷ್ಟೋ ಹುಲ್ಲುಗಳನ್ನು ಬೀಜದಿಂದ ಬೆಳೆಸುವ ವಾಡಿಕೆಯೇ ಇಲ್ಲ. ಕೊರಿಯನ್, ಮೆಕ್ಸಿಕನ್, ಸೆಲೆಕ್ಷನ್ ಒನ್ ಎಂದು ಕರೆಯುವವು ಚಾಪೆಯಾಗಿ ಅಥವಾ ಬೇರಿನ ತುಂಡಾಗಿ ಬರುತ್ತವೆ.

ಕ್ರಿಕೆಟ್ ಮೈದಾನ, ಗಾಲ್ಫ್ ಅಂಗಳಗಳಲ್ಲಿ ಬಳಸುವ ಟಿಫ್‌ವೇ 419, ಟಿಫ್‌ಡ್ವಾರ್ಫ್ ತಳಿಗಳ ಕಥೆ ಇನ್ನೂ ಸ್ಪಷ್ಟ. ಟಿಫ್‌ವೇ ಎರಡು ಜಾತಿಯ ಗರಿಕೆಗಳನ್ನು ಕೂಡಿಸಿ ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ ಬೆಳೆಸಿದ ತಳಿ. ಇವುಗಳ ಜೀವಕೋಶದಲ್ಲಿ ವರ್ಣತಂತುಗಳ ಗುಂಪು ಎರಡರ ಬದಲು ಮೂರು ಇವೆ, ಹಾಗಾಗಿ ಮೊಳೆಯುವ ಬೀಜ ಕಟ್ಟುವುದಿಲ್ಲ. ನಾವು ತಿನ್ನುವ ಬಾಳೆಯದೂ ಇದೇ ಸ್ಥಿತಿ. ಬಾಳೆಯನ್ನು ಕಂದಿನಿಂದ ನೆಡುವ ಹಾಗೆ ಈ ಹುಲ್ಲನ್ನೂ ತುಂಡಿನಿಂದಲೇ ನೆಡಬೇಕು. "ಟಿಫ್‌ವೇ 419 ಬೀಜ, ಕೆಜಿಗೆ ಇಷ್ಟು" ಎಂದು ಯಾರಾದರೂ ಮಾರುತ್ತಿದ್ದರೆ ಬಾಳೆ ಬೀಜ ಮಾರುವವನನ್ನು ನೋಡಿದ ಹಾಗೆ ನೋಡಿ ಮುಂದೆ ಹೋಗಿ.

ಇನ್ನೂರು ಮುನ್ನೂರು ಚದರಡಿಯ ಜಾಗಕ್ಕೆ ತುಂಡು ನೆಡುವುದು ಬೀಜಕ್ಕಿಂತ ಸಲೀಸು. ಬೇರಿರುವ ತುಂಡುಗಳನ್ನು ಹತ್ತು ಸೆಂಟಿಮೀಟರ್‌ಗೊಂದರಂತೆ ನೆಟ್ಟು ನೀರು ಕೊಟ್ಟರೆ ಸಾಕು. ಬೀಜದ ಲಾಭ ಕಾಣುವುದು ಜಾಗ ದೊಡ್ಡದಾದಾಗ: ತೋಟದ ಮನೆ, ಶಾಲೆಯ ಮೈದಾನ, ಕಲ್ಯಾಣ ಮಂಟಪದ ಮುಂದಿನ ಬಯಲು. ಅಲ್ಲಿ ಚಾಪೆ ಹಾಸುವ ಖರ್ಚಿನ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತದೆ, ಬೇರು ಹುಟ್ಟಿದ ಮಣ್ಣಿನಲ್ಲೇ ಇಳಿಯುತ್ತದೆ.

3. ಜಾತಿ ಆರಿಸಿ

ನೂರಕ್ಕೆ ಎಂಬತ್ತು ಜನರಿಗೆ ನನ್ನ ಉತ್ತರ ಒಂದೇ: ಗರಿಕೆ. ಹೌದು, ಚೌತಿಗೆ ಗಣಪತಿಯ ತಲೆ ಮೇಲಿಡುವ ಅದೇ ಗರಿಕೆ. ಉತ್ತರ ಕರ್ನಾಟಕದ ರೈತರು ಹೊಲದಲ್ಲಿ ಕಂಡರೆ ಶಪಿಸುವ ಅದೇ ಕರಿಕೆ. ಪೊಟ್ಟಣದ ಮೇಲೆ ಅದು ಬರ್ಮುಡಾ ಗ್ರಾಸ್, ದೂಬ್, ದೂರ್ವಾ ಎಂಬ ಹೆಸರಿನಲ್ಲಿರುತ್ತದೆ. ಸಸ್ಯಶಾಸ್ತ್ರದ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ಅಪ್ಪ ಕುಂಟೆ ಹೊಡೆದು ಕಿತ್ತೆಸೆದ ಹುಲ್ಲಿಗೆ ಮಗ ದುಡ್ಡು ಕೊಟ್ಟು ಬೀಜ ತರುತ್ತಾನೆ ಎಂದು ಊರಲ್ಲಿ ನಗುವವರು ನಗಲಿ. ರೈತನಿಗೆ ಶತ್ರುವಾಗಿಸಿದ ಗುಣಗಳೇ ಲಾನ್‌ಗೆ ಬೇಕಾದವು. ನೆಲದ ಮೇಲೆ ಬಳ್ಳಿ, ನೆಲದೊಳಗೆ ಬೇರುಕಾಂಡ, ಎರಡರಿಂದಲೂ ಹಬ್ಬುತ್ತದೆ. ಮಕ್ಕಳು ಕ್ರಿಕೆಟ್ ಆಡಿ ಬೋಳು ಮಾಡಿದ ಜಾಗವನ್ನು ತಾನೇ ಮುಚ್ಚಿಕೊಳ್ಳುತ್ತದೆ. ನೀರು ಕೊಡುವುದು ನಿಂತರೆ ಒಣಗಿದಂತೆ ಮಲಗಿ, ಮಳೆ ಬಿದ್ದ ವಾರದಲ್ಲಿ ಚಿಗುರುತ್ತದೆ. ಕ್ಷಾರದ ಎರೆ ಮಣ್ಣನ್ನೂ ಸಹಿಸುತ್ತದೆ.

ದೋಷ ಎರಡು. ಒಂದು, ನೆರಳು ಕಂಡರೆ ಆಗದು. ಇನ್ನೊಂದು, ಗಡಿ ಗೊತ್ತಿಲ್ಲ. ಪಕ್ಕದ ಗುಲಾಬಿ ಮಡಿಗೆ, ಪಕ್ಕದವರ ಹೊಲಕ್ಕೆ ನುಗ್ಗುತ್ತದೆ. ಸುತ್ತ ಅರ್ಧ ಅಡಿ ಆಳಕ್ಕೆ ಕಲ್ಲಿನ ಅಥವಾ ಸಿಮೆಂಟಿನ ಅಂಚು ಕಟ್ಟಿ, ತಿಂಗಳಿಗೊಮ್ಮೆ ಅಂಚು ದಾಟಿದ್ದನ್ನು ಕತ್ತರಿಸಿ.

ಹಾಗಾದರೆ ಹೊಲದ ಗರಿಕೆಯನ್ನೇ ಕಿತ್ತು ನೆಡಬಾರದೇ? ನೆಡಬಹುದು, ಬದುಕುತ್ತದೆ. ಆದರೆ ಅದರ ಗೆಣ್ಣುಗಳ ನಡುವಿನ ಅಂತರ ಉದ್ದ, ಹಾಸು ವಿರಳ, ಎಲೆ ಒರಟು. ಲಾನ್‌ಗೆಂದು ಆಯ್ದ ಬೀಜದ ತಳಿಗಳು ಗಿಡ್ಡವಾಗಿ ದಟ್ಟವಾಗಿ ಹಬ್ಬುತ್ತವೆ. ಸಹಾರಾ, ಪ್ರಿನ್ಸೆಸ್ 77, ರಿವಿಯೆರಾ ಇಂಥವು ಬೀಜದಿಂದ ಬೆಳೆಯುವ ಬರ್ಮುಡಾ ತಳಿಗಳು. ತಳಿಯ ಹೆಸರೇ ಇಲ್ಲದ 'ಸಾದಾ' ಬರ್ಮುಡಾ ಬೀಜವೂ ಸಿಗುತ್ತದೆ. ತೋಟದ ಮನೆಯ ಬಯಲಿಗೆ ಅದೇ ಧಾರಾಳ ಸಾಕು.

ಜಾಯ್ಸಿಯಾ ಕಾಲಿಗೆ ಮೆತ್ತಗೆ, ನೋಡಲು ಚಂದ, ಗರಿಕೆಗಿಂತ ಸ್ವಲ್ಪ ಹೆಚ್ಚು ನೆರಳು ಸಹಿಸುತ್ತದೆ. ಬೀಜವಾಗಿ ಸಿಗುವುದು ಸಾಮಾನ್ಯವಾಗಿ ಜಾಯ್ಸಿಯಾ ಜಪೊನಿಕಾ. ಜೆನಿತ್ ಅದರ ಪರಿಚಿತ ತಳಿ. ಬೀಜ ದುಬಾರಿ, ಮೊಳೆಯಲು ಎರಡು ಮೂರು ವಾರ, ಹಬ್ಬುವುದು ಆಮೆ ನಡಿಗೆ. ತಾಳ್ಮೆ ಇಲ್ಲದವರು ಇತ್ತ ಬರಬೇಡಿ. ಗರಿಕೆ ಒಂದು ಮಳೆಗಾಲದಲ್ಲಿ ಮುಚ್ಚುವ ಜಾಗಕ್ಕೆ ಇದು ವರ್ಷವನ್ನೂ ಮೀರಿ ಕೇಳಬಹುದು. ಇನ್ನೊಂದು ಎಚ್ಚರಿಕೆ: ನರ್ಸರಿಯಲ್ಲಿ ಗುಡ್ಡ ಗುಡ್ಡವಾಗಿ ವೆಲ್ವೆಟ್ಟಿನಂತೆ ಕಾಣುವ ಸೂಜಿಯೆಲೆಯ ಹುಲ್ಲನ್ನು ನೋಡಿ ಬಂದು ಈ ಬೀಜ ಕೊಂಡರೆ ಅದೇ ಬರುವುದಿಲ್ಲ. ಅದು ಜಾಯ್ಸಿಯಾದ ಬೇರೆ ಜಾತಿ, ತುಂಡಿನಿಂದ ಬೆಳೆಸುವಂಥದ್ದು.

ಬಹಿಯಾ ನೋಟಕ್ಕೆ ಒರಟು, ಬೇರು ಮಾತ್ರ ಆಳ. ಮರಳು ಮಿಶ್ರಿತ ಬಡ ಮಣ್ಣಿನಲ್ಲಿ, ಇಳಿಜಾರಿನಲ್ಲಿ ಮಣ್ಣು ಹಿಡಿದಿಡಲು ಒಳ್ಳೆಯದು. ಮನೆ ಮುಂದಿನ ಅಲಂಕಾರಕ್ಕೆ ನಾನಂತೂ ಹೇಳುವುದಿಲ್ಲ; ಎರಡು ಕವಲಿನ ಹೂದಂಟು ಪದೇ ಪದೇ ಎದ್ದು ನಿಲ್ಲುತ್ತದೆ, ಕತ್ತರಿಸಿ ಸಾಕಾಗುತ್ತದೆ.

ಕರಾವಳಿ, ಮಲೆನಾಡಿನ ಹುಳಿ ಮಣ್ಣು, ಜಂಬಿಟ್ಟಿಗೆ ನೆಲ, ತೆಂಗಿನ ಅರೆನೆರಳು ಇರುವವರಿಗೆ ಕಾರ್ಪೆಟ್ ಗ್ರಾಸ್ ಸರಿ. ಅಗಲ ಎಲೆ, ತಿಳಿ ಹಸಿರು. ತೇವವಿರುವಷ್ಟು ದಿನ ರಾಜ, ಬಯಲುಸೀಮೆಗೆ ತಂದರೆ ಮಾರ್ಚ್‌ನಲ್ಲೇ ಕೈಕೊಡುತ್ತದೆ. ಹೆಸರಿನಿಂದ ಮೋಸಹೋಗಬೇಡಿ: ಕೆಲವರು ಚಾಪೆಯಾಗಿ ಬರುವ ಯಾವ ಹುಲ್ಲನ್ನಾದರೂ ಕಾರ್ಪೆಟ್ ಎನ್ನುತ್ತಾರೆ. ಪೊಟ್ಟಣದಲ್ಲಿ ಆಕ್ಸೊನೋಪಸ್ ಎಂದಿದೆಯೇ ನೋಡಿ.

ಉಪ್ಪು ನೀರಿನ ಸಮಸ್ಯೆ ಇದ್ದರೆ ಸೀಶೋರ್ ಪಾಸ್ಪಲಮ್ ಎಂಬ ಹುಲ್ಲಿದೆ. ಲಾನ್ ಹುಲ್ಲುಗಳಲ್ಲಿ ಉಪ್ಪನ್ನು ಇಷ್ಟು ತಡೆಯುವುದು ಅಪರೂಪ. ದುಬೈ, ಅಬುಧಾಬಿಯಲ್ಲಿರುವ ನಮ್ಮವರು ವಿಲ್ಲಾ ಅಂಗಳದಲ್ಲಿ, ಗಾಲ್ಫ್ ಮೈದಾನದಲ್ಲಿ ನೋಡಿಯೇ ಇರುತ್ತಾರೆ. ಬಹುಪಾಲು ತುಂಡಿನಿಂದ ಬೆಳೆಸುತ್ತಾರೆ, ಬೀಜದ ತಳಿಗಳು ಬೆರಳೆಣಿಕೆ. ಉಪ್ಪು ತಡೆಯುವುದು ಬೆಳೆದ ಹುಲ್ಲು, ಎಳೆ ಮೊಳಕೆಯಲ್ಲ. ಮೊದಲ ತಿಂಗಳು ಅದಕ್ಕೂ ಸಿಹಿನೀರೇ ಬೇಕು.

ಇನ್ನು ಬಫೆಲೊ ಎಂಬ ಹೆಸರು. ಅಮೆರಿಕದಲ್ಲಿ ಬಫೆಲೊ ಗ್ರಾಸ್ ಎಂದರೆ ಒಣ ಹುಲ್ಲುಗಾವಲಿನ ಸಣ್ಣ ಎಲೆಯ, ಬೂದು ಹಸಿರಿನ ಹುಲ್ಲು. ಆಸ್ಟ್ರೇಲಿಯಾದಲ್ಲಿ ಅದೇ ಹೆಸರು ಅಗಲ ಎಲೆಯ, ನೆರಳು ಸಹಿಸುವ ಸೇಂಟ್ ಆಗಸ್ಟೀನ್ ಹುಲ್ಲಿಗೆ. ನಮ್ಮ ನರ್ಸರಿಯವರು ಬಫೆಲೊ ಎನ್ನುವುದು ಅಗಲ ಎಲೆಯದನ್ನು. ನರ್ಸರಿಯಲ್ಲಿ ಅದನ್ನು ನೋಡಿ ಮೆಚ್ಚಿ, ಮನೆಗೆ ಬಂದು ಮೊಬೈಲಿನಲ್ಲಿ 'ಬಫೆಲೊ ಸೀಡ್' ಹುಡುಕಿ ತರಿಸಿದರೆ ಬೇರೆಯದೇ ಹುಲ್ಲು ಬರುತ್ತದೆ. ಸಸ್ಯಶಾಸ್ತ್ರದ ಹೆಸರು ನೋಡಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ದಟ್ಟ ಮಾವು, ಹಲಸಿನ ಬುಡಕ್ಕೆ? ಯಾವ ಬೀಜವೂ ಇಲ್ಲ. ಮಾಂಡೊ ಗ್ರಾಸ್ ಎಂಬ, ಹುಲ್ಲಲ್ಲದ ಹುಲ್ಲಿನಂಥ ಗಿಡ ನೆಡಿ, ಇಲ್ಲವೇ ಒಂದು ಕಲ್ಲುಬೆಂಚು ಹಾಕಿಸಿ ಕೂತು ಮಾವು ತಿನ್ನಿ.

4. ಪೊಟ್ಟಣದ ಹಿಂಬದಿ ಓದಿ

ಮುಂಬದಿಯ ಚಿತ್ರ ನೋಡಲೇಬೇಡಿ. ಅದು ಎಲ್ಲಾ ಪೊಟ್ಟಣದಲ್ಲೂ ಒಂದೇ: ಇಂಗ್ಲೆಂಡಿನ ಯಾವುದೋ ಮನೆಯಂಗಳ, ಒಂದು ನಾಯಿಮರಿ.

ಹಿಂಬದಿಯಲ್ಲಿ ಮೊದಲು ಜಾತಿಯ ಹೆಸರು ಹುಡುಕಿ. ಲೋಲಿಯಂ (ರೈ), ಫೆಸ್ಟುಕಾ (ಫೆಸ್ಕ್ಯೂ), ಪೋವಾ (ಬ್ಲೂಗ್ರಾಸ್) ಎಂದಿದ್ದರೆ ಊಟಿ, ಶಿಮ್ಲಾಕ್ಕೆ ಸರಿ, ಬಳ್ಳಾರಿಗೆ ಬೇಡ. 'ಲಾನ್ ಮಿಕ್ಸ್', 'ಆಲ್ ಸೀಸನ್' ಎಂಬ ಮಿಶ್ರಣಗಳಲ್ಲಿ ಶೇಕಡಾವಾರು ಕೊಟ್ಟಿದ್ದಾರೆಯೇ ನೋಡಿ. ಬೇಗ ಮೊಳೆತು ಗಿರಾಕಿಯನ್ನು ಖುಷಿಪಡಿಸಲೆಂದೇ ರೈ ಬೆರೆಸುವುದುಂಟು. ಒಂದು ವಾರದೊಳಗೆ ಹಸಿರು ಕಂಡರೆ ಖುಷಿಪಡುವ ಬದಲು ಅನುಮಾನಪಡಿ. ಜಾತಿಯ ಹೆಸರೇ ಇಲ್ಲದ ಪೊಟ್ಟಣವನ್ನು ಬಿಟ್ಟಿ ಕೊಟ್ಟರೂ ತರಬೇಡಿ.

ಆಮೇಲೆ ಎರಡು ಅಂಕಿ. ಭೌತಿಕ ಶುದ್ಧತೆ ಎಂದರೆ ತೂಕದಲ್ಲಿ ಎಷ್ಟು ಪಾಲು ನಿಜವಾದ ಬೀಜ, ಎಷ್ಟು ಹೊಟ್ಟು, ದೂಳು, ಕಳೆಬೀಜ ಎಂಬುದು. ಮೊಳಕೆ ಪ್ರಮಾಣ ಎಂದರೆ ಆ ಬೀಜದಲ್ಲಿ ನೂರಕ್ಕೆ ಎಷ್ಟು ಮೊಳೆಯುತ್ತವೆ ಎಂಬುದು. ಎರಡನ್ನೂ ಗುಣಿಸಿದರೆ ಸಿಗುವುದೇ ನೀವು ದುಡ್ಡು ಕೊಡುತ್ತಿರುವ ಜೀವಂತ ಬೀಜ.

ಈ ಲೆಕ್ಕ ಏಕೆ ಮುಖ್ಯವೆಂದರೆ, ಮಾರುಕಟ್ಟೆಯಲ್ಲಿ ಲೇಪಿತ ಬೀಜ ಬಂದಿದೆ. ನೀಲಿ ಅಥವಾ ಹಸಿರು ಬಣ್ಣದ, ಗುಂಡಗಿನ ಕಾಳಿನಂತೆ ಕಾಣುವ ಬೀಜ. ಸುಣ್ಣ, ಜೇಡಿಯ ಲೇಪದಿಂದ ಬೀಜ ದಪ್ಪವಾಗಿ ಕೈಯಲ್ಲಿ ಎರಚಲು ಸುಲಭ, ತೇವವೂ ಹಿಡಿಯುತ್ತದೆ. ಕೆಟ್ಟದ್ದೇನಲ್ಲ. ಆದರೆ ತೂಕದಲ್ಲಿ ಅರ್ಧದಷ್ಟು ಲೇಪವೇ ಇರಬಹುದು. ಒಂದು ಕೆಜಿ ಲೇಪಿತ ಬೀಜದಲ್ಲಿ ಶುದ್ಧ ಬೀಜ ಶೇ. 50, ಮೊಳಕೆ ಶೇ. 85 ಎಂದುಕೊಳ್ಳಿ: ಜೀವಂತ ಬೀಜ 425 ಗ್ರಾಂ. ಲೇಪವಿಲ್ಲದ ಅರ್ಧ ಕೆಜಿಯಲ್ಲಿ ಶುದ್ಧತೆ ಶೇ. 98, ಮೊಳಕೆ ಶೇ. 85: ಜೀವಂತ ಬೀಜ 416 ಗ್ರಾಂ. ಅಂದರೆ ಆ ಒಂದು ಕೆಜಿಯೂ ಈ ಅರ್ಧ ಕೆಜಿಯೂ ಹೆಚ್ಚುಕಡಿಮೆ ಒಂದೇ. ಬೆಲೆಯನ್ನು ಈ ಲೆಕ್ಕದ ಮೇಲೆ ಹೋಲಿಸಿ.

ಗರಿಕೆ ಬೀಜದಲ್ಲಿ ಸಿಪ್ಪೆ ತೆಗೆದದ್ದು, ಸಿಪ್ಪೆ ಇರುವುದು ಎಂದು ಎರಡು ಬಗೆ. ಪೊಟ್ಟಣದಲ್ಲಿ ಹಲ್ಡ್, ಅನ್‌ಹಲ್ಡ್ ಎಂದು ಬರೆದಿರುತ್ತಾರೆ. ಸಿಪ್ಪೆ ತೆಗೆದದ್ದು ಬೆಚ್ಚಗಿನ ನೆಲದಲ್ಲಿ ಒಂದರಿಂದ ಎರಡು ವಾರದಲ್ಲಿ ಮೊಳೆಯುತ್ತದೆ. ಸಿಪ್ಪೆ ಇರುವುದು ನಿಧಾನ, ಮೂರು ವಾರವೂ ಹಿಡಿಯಬಹುದು. ಹೊಸಬರು ಸಿಪ್ಪೆ ತೆಗೆದದ್ದನ್ನೇ ಕೊಳ್ಳಿ, ನೀರು ಹಿಡಿಯುವ ದಿನಗಳು ಕಡಿಮೆಯಾಗುತ್ತವೆ.

ಎಣಿಕೆಯಲ್ಲಿ ಮಾರುವವರೂ ಇದ್ದಾರೆ. "5,000 ಬೀಜ!" ಎಂದು ದೊಡ್ಡ ಅಕ್ಷರದಲ್ಲಿ. ಸಿಪ್ಪೆ ತೆಗೆದ ಗರಿಕೆ ಬೀಜ ಒಂದು ಗ್ರಾಂಗೆ ಸುಮಾರು 4,000 ಬರುತ್ತದೆ. ಅಂದರೆ ಆ ಪೊಟ್ಟಣದಲ್ಲಿರುವುದು ಒಂದೂಕಾಲು ಗ್ರಾಂ, ಎರಡು ಚದರಡಿಗೆ ಸಾಕಾಗುವಷ್ಟು. ಗ್ರಾಂ ಲೆಕ್ಕ ಹೇಳದವರಿಂದ ಕೊಳ್ಳಬೇಡಿ.

ಪರೀಕ್ಷೆ ಮಾಡಿದ ದಿನಾಂಕ ವರ್ಷದ ಹಿಂದಿನದಾಗಿದ್ದರೆ, ಅಂಗಡಿಯ ತಗಡಿನ ಮಾಡಿನ ಕೆಳಗೆ ಒಂದು ಬೇಸಿಗೆ ಕಳೆದಿದೆ ಎಂದೇ ಅರ್ಥ. ಅದರ ಮೇಲೆ ಬರೆದ ಶೇ. 85ನ್ನು ನಂಬಬೇಡಿ.

5. ನೂರು ಬೀಜದ ಪರೀಕ್ಷೆ

ದೊಡ್ಡ ಜಾಗಕ್ಕೆ ಕೆಜಿಗಟ್ಟಲೆ ಕೊಳ್ಳುವವರು ಮೊದಲು ನೂರು ಗ್ರಾಂ ತಂದು ಪರೀಕ್ಷಿಸಿ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ, ನೂರು ಬೀಜ ಎಣಿಸಿ ಹರಡಿ. ಕಣ್ಣು ನೋಯುವ ಕೆಲಸ, ಮನೆಯ ಮಕ್ಕಳಿಗೆ ಕೊಡಿ. ಬೆಚ್ಚಗಿನ, ಬೆಳಕಿರುವ ಜಾಗದಲ್ಲಿಡಿ, ನೇರ ಬಿಸಿಲಿಗೆ ಬೇಡ. ಟಿಶ್ಯೂ ಆರದಂತೆ ನೋಡಿಕೊಂಡು ಗರಿಕೆಯನ್ನು 14ನೇ ದಿನ, ಜಾಯ್ಸಿಯಾವನ್ನು 21ನೇ ದಿನ ಎಣಿಸಿ. ಎಪ್ಪತ್ತಕ್ಕಿಂತ ಕಡಿಮೆ ಮೊಳೆತರೆ ಬೀಜ ಬದಲಿಸಿ, ಇಲ್ಲವೇ ಅದಕ್ಕೆ ತಕ್ಕಂತೆ ಹೆಚ್ಚು ಬಿತ್ತಿ. ಮೊಳಕೆ ಬೇರೆ ಬೇರೆ ಆಕಾರದಲ್ಲಿದ್ದರೆ ಮಿಶ್ರಣ ಎಂದು ತಿಳಿಯಿರಿ.

6. ಯಾವಾಗ?

ಗರಿಕೆಗೆ ಮಣ್ಣಿನ ಬಿಸಿ ರಾತ್ರಿಯೂ 20 ಡಿಗ್ರಿಯ ಮೇಲಿರಬೇಕು. ಹಾಗಾಗಿ ಡಿಸೆಂಬರ್, ಜನವರಿಯ ಬಿತ್ತನೆ ಬೇಡವೇ ಬೇಡ. ಬೀಜ ಸತ್ತಿರುವುದಿಲ್ಲ, ಚಳಿಗೆ ಮುದುರಿಕೊಂಡಿರುತ್ತದೆ. ಅಷ್ಟರಲ್ಲಿ ಇರುವೆ, ಗುಬ್ಬಿ ಪಾಲು ಹಂಚಿಕೊಂಡಿರುತ್ತವೆ. ಏಪ್ರಿಲ್, ಮೇನಲ್ಲಿ ಬಿಸಿ ಸಾಕಷ್ಟಿದೆ, ಆದರೆ ಮೇಲ್ಮಣ್ಣು ಗಂಟೆಗೊಮ್ಮೆ ಆರುತ್ತದೆ. ಒಂದು ಮಧ್ಯಾಹ್ನ ನೀರು ತಪ್ಪಿದರೂ ಮೊಳಕೆ ಹುರಿದು ಹೋಗುತ್ತದೆ.

ಬಯಲುಸೀಮೆಯವರಿಗೆ ಮೃಗಶಿರ ಮಳೆ ಒಂದೆರಡು ಹದವಾಗಿ ಬಿದ್ದ ಮೇಲಿನ ದಿನಗಳು ಸರಿ. ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಅವಕಾಶವಿದೆ. ಕರಾವಳಿ, ಮಲೆನಾಡಿನವರು ಮಾತ್ರ ಜೂನ್, ಜುಲೈಯಲ್ಲಿ ಬಿತ್ತಿ ಬೀಜವನ್ನು ಚರಂಡಿಗೆ ಕಳಿಸಬೇಡಿ. ಮಳೆಯ ಆರ್ಭಟ ಇಳಿದು ಬಿಸಿಲು ಮರಳುವ ಹಸ್ತ, ಚಿತ್ತೆಯ ದಿನಗಳಿಗೆ, ಅಂದರೆ ಸೆಪ್ಟೆಂಬರ್ ಕೊನೆಗೆ ಕಾಯಿರಿ.

7. ನೆಲ ಹದ ಮಾಡಿ

ಬೀಜ ಕೈಸೇರಿತೆಂದು ಆತುರಪಡಬೇಡಿ. ಹೊಸ ಮನೆಯಾದರೆ ಅಂಗಳದಲ್ಲಿ ಸಿಮೆಂಟು, ಜಲ್ಲಿ, ಇಟ್ಟಿಗೆ ಚೂರು ಹೂತಿರುತ್ತದೆ. ಅರ್ಧ ಅಡಿ ಅಗೆದು ಆರಿಸಿ ತೆಗೆಯಿರಿ. ಮನೆಯಿಂದ ಹೊರಕ್ಕೆ ತುಸು ಇಳಿಜಾರಿರಲಿ.

ಮುಖ್ಯ ಶತ್ರು ಕಳೆ. ಅದರಲ್ಲೂ ಜೇಕು, ಕೆಲವು ಕಡೆ ತುಂಗೆ ಗಡ್ಡೆ ಎನ್ನುತ್ತಾರೆ. ಎಲೆ ಕಿತ್ತರೆ ನೆಲದೊಳಗಿನ ಗಡ್ಡೆ ನಗುತ್ತದೆ. ಅಗೆಯುವಾಗ ಗಡ್ಡೆ ಸಮೇತ ಆರಿಸಬೇಕು. ಆಮೇಲೆ ನೆಲಕ್ಕೆ ನೀರು ಕೊಟ್ಟು, ಬೀಜ ಹಾಕದೆ, ಎರಡು ವಾರ ಬಿಡಿ. ಮಣ್ಣಿನಲ್ಲಿದ್ದ ಕಳೆ ಮೊಳೆಯುತ್ತದೆ. ಮೇಲ್ಮೇಲೆ ಕೆತ್ತಿ ತೆಗೆಯಿರಿ, ಆಳವಾಗಿ ಕೆದಕಬೇಡಿ. ಮತ್ತೊಮ್ಮೆ ಹೀಗೇ ಮಾಡಿ. ಒಂದು ತಿಂಗಳ ಈ ಕೆಲಸ ಮುಂದಿನ ಮೂರು ವರ್ಷ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುವುದನ್ನು ಉಳಿಸುತ್ತದೆ. ಹೊಲಕ್ಕೆ ಹೊಡೆಯುವ ಪೆಂಡಿಮೆಥಾಲಿನ್‌ನಂಥ, ಬೀಜ ಮೊಳೆಯದಂತೆ ತಡೆಯುವ ಔಷಧಿ ಇಲ್ಲಿ ಬೇಡ. ಅದಕ್ಕೆ ಕಳೆ ಬೀಜ, ನಿಮ್ಮ ಬೀಜ ಎಂಬ ಭೇದವಿಲ್ಲ.

ಕೊಟ್ಟಿಗೆ ಗೊಬ್ಬರ ಪೂರ್ತಿ ಕಳಿತಿರಬೇಕು. ಹಸಿ ತಿಪ್ಪೆ ಗೊಬ್ಬರ ಹಾಕಿದರೆ ಊರಿನ ಕಳೆಯನ್ನೆಲ್ಲ ದುಡ್ಡು ಕೊಟ್ಟು ತಂದ ಹಾಗೆ. 'ಕೆಂಪು ಮಣ್ಣು' ಎಂದು ಲಾರಿಯಲ್ಲಿ ಬರುವುದರಲ್ಲೂ ಜೇಕಿನ ಗಡ್ಡೆ ಇದೆಯೇ ನೋಡಿ ಇಳಿಸಿಕೊಳ್ಳಿ. ಕೊನೆಗೆ ಗುಂಟೆಗೆ ಒಂದು ಕೆಜಿ ಡಿಎಪಿ ಎರಚಿ ಮೇಲ್ಮಣ್ಣಿಗೆ ಬೆರೆಸಿ, ಕುಂಟೆ ಅಥವಾ ಹಲುಬೆಯಿಂದ ಸಮ ಮಾಡಿ. ಮಣ್ಣು ಪರೀಕ್ಷೆಯಲ್ಲಿ ರಂಜಕ ಸಾಕಷ್ಟಿದೆ ಎಂದಿದ್ದರೆ ಡಿಎಪಿ ಬೇಡ. ನೆಲದ ಮೇಲೆ ನಡೆದರೆ ಹೆಜ್ಜೆ ಅರ್ಧ ಅಂಗುಲಕ್ಕಿಂತ ಹೆಚ್ಚು ಹೂಳಬಾರದು, ಅಷ್ಟು ಗಟ್ಟಿ ಇರಲಿ.

8. ಬಿತ್ತನೆ

ಸಿಪ್ಪೆ ತೆಗೆದ, ಲೇಪವಿಲ್ಲದ ಗರಿಕೆ ಬೀಜ ಗುಂಟೆಗೆ ಅರ್ಧ ಕೆಜಿಯಿಂದ ಒಂದು ಕೆಜಿ. ಜಾಯ್ಸಿಯಾವೂ ಹೆಚ್ಚುಕಡಿಮೆ ಅಷ್ಟೇ. ಬಹಿಯಾ ಬೀಜ ದಪ್ಪ, ಮೂರೂವರೆಯಿಂದ ಐದು ಕೆಜಿ ಬೇಕು. ಲೇಪಿತವಾದರೆ ಮೇಲಿನ ಲೆಕ್ಕದಂತೆ ಹೆಚ್ಚಿಸಿ. ಇದಕ್ಕಿಂತ ಮಿತಿಮೀರಿ ಸುರಿದರೆ ಬೇಗ ಮುಚ್ಚುತ್ತದೆ ಎಂಬುದು ತಪ್ಪು ಲೆಕ್ಕ. ಒತ್ತೊತ್ತಾಗಿ ಮೊಳೆತ ಸಸಿಗಳು ಒಂದರ ನೀರನ್ನು ಇನ್ನೊಂದು ಕಿತ್ತುಕೊಂಡು, ತೇವದಲ್ಲಿ ಬುಡ ಕೊಳೆತು, ತೇಪೆ ತೇಪೆಯಾಗಿ ಸಾಯುತ್ತವೆ.

ಬೀಜ ಸಾಸಿವೆಗಿಂತ ಸಣ್ಣದು. ಬರಿಗೈಯಲ್ಲಿ ಎರಚಿದರೆ ಒಂದೆಡೆ ರಾಶಿ, ಇನ್ನೊಂದೆಡೆ ಬೋಳು. ನಾಲ್ಕೈದು ಪಟ್ಟು ಒಣ ಮರಳು ಬೆರೆಸಿ. ಸಮುದ್ರದ ಮರಳು ಬೇಡ, ಉಪ್ಪಿರುತ್ತದೆ. ಮಿಶ್ರಣವನ್ನು ಎರಡು ಪಾಲು ಮಾಡಿ ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಎರಚಿ. ಗಾಳಿ ಇಲ್ಲದ ಬೆಳಗಿನ ಹೊತ್ತು ಒಳ್ಳೆಯದು.

ಎರಚಿದ ಮೇಲೆ ಹಲುಬೆಯ ಬೆನ್ನಿನಿಂದ ಮೆಲ್ಲಗೆ ಸವರಿ. ಬೀಜ ಮೂರರಿಂದ ಆರು ಮಿಲಿಮೀಟರ್‌ಗಿಂತ ಕೆಳಗೆ ಹೋಗಬಾರದು. ರಾಗಿ ಬಿತ್ತಿದ ಹಾಗೆ ಮಣ್ಣು ಮುಚ್ಚಿದರೆ ಗರಿಕೆ ಮೇಲೆ ಬರುವುದಿಲ್ಲ. ಕೆಲವು ಬೀಜ ಕಣ್ಣಿಗೆ ಕಾಣುತ್ತಿದ್ದರೆ ಸರಿಯಾಗಿದೆ ಎಂದರ್ಥ. ಹಗುರ ರೋಲರ್ ಉರುಳಿಸಿ, ಅದಿಲ್ಲದಿದ್ದರೆ ಹಲಗೆ ಇಟ್ಟು ಮೇಲೆ ನಡೆಯಿರಿ. ಬೀಜ ಮಣ್ಣಿಗೆ ಅಂಟಬೇಕು. ತೆಳ್ಳಗೆ ಭತ್ತದ ಹುಲ್ಲು ಹರಡಬಹುದು, ನೆಲ ಅರ್ಧ ಕಾಣುವಷ್ಟು ಮಾತ್ರ. ಇರುವೆ ಸಾಲು ಕಂಡರೆ ಅಂಚಿಗೆ ಇರುವೆ ಪುಡಿ ಹಾಕಿ.

9. ಮೊದಲ ಆರು ವಾರ

ಮೊಳೆಯುವವರೆಗೆ ದಿನಕ್ಕೆ ಮೂರು ನಾಲ್ಕು ಸಲ, ಮಂಜಿನಂತೆ ನೀರು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹೊಡೆಯುವ ನಮ್ಮ ಹಳೆಯ ಅಭ್ಯಾಸ ಇಲ್ಲಿ ಬೇಡ, ಬೀಜವೆಲ್ಲ ಒಂದು ಮೂಲೆಗೆ ಸೇರುತ್ತದೆ. ಮೇಲಿನ ಒಂದು ಸೆಂಟಿಮೀಟರ್ ಮಣ್ಣು ಒದ್ದೆಯಾಗಿದ್ದರೆ ಸಾಕು, ಕೆಸರಾಗಬಾರದು. ಬಹುತೇಕ ಮೊಳೆತ ಮೇಲೆ ಸರದಿ ತಿರುಗಿಸಿ: ಸಲ ಕಡಿಮೆ, ಪ್ರಮಾಣ ಹೆಚ್ಚು. ಆರನೇ ವಾರದ ಹೊತ್ತಿಗೆ ವಾರಕ್ಕೆರಡು ಸಲ ಆಳಕ್ಕೆ ಇಳಿಯುವಂತೆ ಕೊಡುವ ಮಟ್ಟಕ್ಕೆ ಬನ್ನಿ. ದಿನಾ ಚಿಮುಕಿಸುತ್ತಲೇ ಇದ್ದರೆ ಬೇರು ಮೇಲೆಯೇ ಉಳಿದು, ನೀವು ಊರಿಗೆ ಹೋದ ಮೂರೇ ದಿನಕ್ಕೆ ಲಾನ್ ಒಣಗುತ್ತದೆ.

ಹುಲ್ಲು ಐದಾರು ಸೆಂಟಿಮೀಟರ್ ಆದಾಗ, ನೆಲ ಒಣಗಿರುವಾಗ, ಹರಿತವಾದ ಅಲಗಿನಿಂದ ಮೊದಲ ಕಟಾವು. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ಗರಿಕೆಯನ್ನು ಬೇಗ ಕತ್ತರಿಸಲು ಹೆದರುವವರೇ ಹೆಚ್ಚು, ಆದರೆ ತುದಿ ಕತ್ತರಿಸಿದಷ್ಟೂ ಅದು ಅಡ್ಡಕ್ಕೆ ಹಬ್ಬುತ್ತದೆ. ಮುಂದೆ ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್ ಎತ್ತರದಲ್ಲಿಡಿ.

ನಾಲ್ಕನೇ ವಾರದ ನಂತರ ಗುಂಟೆಗೆ ಅರ್ಧ ಕೆಜಿ ಯೂರಿಯಾ ಸಾಕು. ಎಲೆ ಒಣಗಿದ್ದಾಗ ಎರಚಿ, ಕೂಡಲೇ ನೀರು ಕೊಡಿ. ಒದ್ದೆ ಎಲೆಯ ಮೇಲೆ ಯೂರಿಯಾ ಬಿದ್ದರೆ ಅಲ್ಲಲ್ಲೇ ಸುಟ್ಟ ಚುಕ್ಕೆ ಏಳುತ್ತದೆ. ಎರಡು ತಿಂಗಳು ಯಾರೂ ಆಡುವುದು ಬೇಡ, ಮದುವೆ ಶಾಮಿಯಾನವಂತೂ ಬೇಡವೇ ಬೇಡ.

ಬೀಜ ಮಿಕ್ಕಿದ್ದರೆ ಗಾಳಿಯಾಡದ ಸ್ಟೀಲ್ ಡಬ್ಬಿಗೆ ಹಾಕಿ, ಒಂದು ಸಣ್ಣ ಬಟ್ಟೆಗಂಟಿನಲ್ಲಿ ಹುರಿದು ಆರಿಸಿದ ಅಕ್ಕಿ ಕಟ್ಟಿ ಜೊತೆಗಿಟ್ಟು ಫ್ರಿಜ್‌ನ ಕೆಳಗಿನ ಅರೆಯಲ್ಲಿಡಿ. ಡಬ್ಬಿಯ ಮೇಲೆ ಜಾತಿ, ತಳಿ, ತಿಂಗಳು ಬರೆದು ಅಂಟಿಸಿ. ಅಲ್ಲಲ್ಲಿ ಬೋಳು ಉಳಿದ ಜಾಗಕ್ಕೆ ಮುಂದಿನ ಜೂನ್‌ನಲ್ಲಿ ಅದೇ ಬೀಜ ಬೇಕಾಗುತ್ತದೆ.